ಮಾಮಾನ ಎದೆಯ ಮೇಲಿನ ಬೋಳು ಜಾಗ

ನನ್ನ ಮಾಮಾನ ಎದೆಯ ತುಂಬ ಕಂಬಳಿ ಹೊದ್ದಂತೆ ಕೂದಲು. ಎಡಗಡೆ ಅಂಗೈಯಗಲ ಜಾಗ ಮಾತ್ರ ಬೋಳು. ಅಲ್ಲಿನ ಚರ್ಮ ತಿಕ್ಕಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಅದು ಅವನ ಹೆಂಡತಿ, ನನ್ನ ಅತ್ತಿಯ ಕೈ ಬಿದ್ದು ಬಿದ್ದು ಆದ ಗುರುತು.

ನಿದ್ದೆ ಹತ್ತಿದ ಮೇಲೆ ಮಾಮಾನ ಉಸಿರು ನಿಂತುಬಿಡುತ್ತಿತ್ತು. ಗೊರಕೆಯಿಲ್ಲ, ಒದ್ದಾಟವಿಲ್ಲ, ಬೀಸುವ ಕಲ್ಲಿನಿಂದ ಕೈ ತೆಗೆದಂತೆ ಸುಮ್ಮನೆ ನಿಲ್ಲುತ್ತಿತ್ತು. ಅತ್ತಿ ಅವನ ಎದೆಯ ಮೇಲೆ ಕೈಯಿಟ್ಟೇ ಮಲಗುವವಳು. ಎದೆ ಏಳುವುದು ನಿಂತರೆ ಅವಳಿಗೆ ಎಚ್ಚರ. ತಿಕ್ಕುವಳು, ಬಡಿಯುವಳು, ಉಸಿರು ಬರುವ ತನಕ ಬಿಡುತ್ತಿರಲಿಲ್ಲ.

ಬೆಳಿಗ್ಗೆ ಚಹಾ ಕುಡಿಯುತ್ತ ಮಾಮಾ ಕೇಳುತ್ತಿದ್ದ: “ರಾತ್ರಿ ಎಷ್ಟ ಸಲ ಸತ್ತೆ ನಾ?”

“ಲೆಕ್ಕಾ ಇಡಾಕ ನನಗೇನ ಪಗಾರ ಕೊಡ್ತೀರಿ?”

ಮಾಮಾ ಎಂದರೆ ನನ್ನ ಅವ್ವನ ತಮ್ಮ. ನಿರ್ಣಾದಲ್ಲಿ ಕುರಿ ಕಾಯುತ್ತಿದ್ದ. ಕೊಡಂಬಲದ ನಮ್ಮ ಮನೆಯಲ್ಲಿ ನನ್ನನ್ನು ಶಾಲೆ ಬಿಡಿಸಿ ಕೂಲಿಗೆ ಹಚ್ಚುವ ಮಾತು ಬಂದಾಗ, ಕೈಹಿಡಿದು ಹುಮನಾಬಾದಿಗೆ ಕರೆದೊಯ್ದು ಶಾಲೆಗೆ ಹಾಕಿದವನು ಅವನೇ. ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ಕಣ್ಣಿಗೊತ್ತಿ, “ಅಳ್ಯಾ, ಏನ ಬರದದ ಓದು” ಎನ್ನುತ್ತಿದ್ದ. ಅದು ಯಾವುದೋ ಹಳೆಯ ಹರಾಜಿನ ನೋಟೀಸಾಗಿದ್ದರೂ ಬಾಯಿ ತೆರೆದು ಕೇಳುವನು. “ಬರದದ ಅಂದಮ್ಯಾಲ ಖರೇನ ಇರ್ತದ” ಎಂದು ತಲೆಯಾಡಿಸುವನು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಅವನ ಈ ನಂಬಿಕೆಯಿಂದ ಪಡೆದೆ. ಅವನನ್ನು ತಿಂದದ್ದೂ ಅದೇ ನಂಬಿಕೆ.

ನಾನು ಗುಲಬರ್ಗಾದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಬಸವಕಲ್ಯಾಣದ ಕಡೆ ದನದ ದವಾಖಾನೆಯೊಂದರಲ್ಲಿ ಜವಾನನ ಜಾಗ ಖಾಲಿಯಾಯಿತು. ಕುರಿ ಹಿಡಿಯುವುದರಲ್ಲಿ ಪಳಗಿದ ಕೈ ಎಂದು ಮಾಮಾನನ್ನು ಅವರೇ ಕರೆದಿದ್ದರು. ಮೈ ನೆಟ್ಟಗಿದೆ ಎಂಬ ಸರ್ಟಿಫಿಕೇಟ್ ಬೇಕಿತ್ತು. ಅದಕ್ಕಾಗಿ ನಾವು ಹೋದ, ಮನುಷ್ಯರ ದವಾಖಾನೆಯ ಹೆಸರು ಬರೆಯುವುದಿಲ್ಲ. ಅತ್ತಿ, ನಾನು ಇಬ್ಬರೂ ಜೊತೆಗಿದ್ದೆವು.

“ಏನರ ಬ್ಯಾನಿ ಅದ ಏನೋ?” ಡಾಕ್ಟರ ಸಾಹೇಬರು ಕೇಳಿದರು.

ಮಾಮಾ ಸುಳ್ಳು ಹೇಳಲಿಲ್ಲ. “ನಿದ್ದ್ಯಾಗ ದಮ್ಮ ನಿಂದರ್ತದಂತರಿ. ನನಗ ಗೊತ್ತಾಗೂದಿಲ್ಲ, ಇಕಿ ಹೇಳ್ತಾಳ.”

ಬಾಗಿಲಲ್ಲಿ ನಿಂತಿದ್ದ ಅತ್ತಿ ಸೆರಗು ಸರಿಮಾಡಿಕೊಂಡು, “ಹೌದ್ರಿ ಸಾಹೇಬ್ರ, ನಾ ಕೈಲೇ…” ಎನ್ನುವಷ್ಟರಲ್ಲಿ ಸಾಹೇಬರು ಗದರಿದರು. “ನಿನಗ ಯಾರ ಕೇಳ್ಯಾರ? ಹೊರಗ ಕೂಡು.”

ಆಮೇಲೆ ಮಾಮಾನ ಕಡೆ ತಿರುಗಿದರು. “ಗೊರಕಿ ಹೊಡೀತಿ?”

“ಇಲ್ರಿ.”

“ಮೈಯಾಗ ಕೊಬ್ಬಿಲ್ಲ, ಗೊರಕಿ ಇಲ್ಲ. ಮತ್ತ ದಮ್ಮ ಹ್ಯಾಂಗ ನಿಂದರ್ತದ? ಆವಾಗ ಏನಾಗ್ತದ ಅಂತ ನಿನಗ ನೆನಪರ ಇರ್ತದೇನು?”

“ಇಲ್ರಿ. ನಾ ನಿದ್ದ್ಯಾಗಿರ್ತೀನ್ರಿ.”

ಅಷ್ಟೇ ತಪಾಸಣೆ. ಕಾಗದ ಕೈಗೆ ಬಂತು: ಮೂರ್ಛೆರೋಗ. ನೌಕರಿಗೆ ಅಯೋಗ್ಯ. ಕೆಳಗೆ ಇನ್ನೊಂದು ಸಾಲು: ಎದೆಯ ಮೇಲೆ ಗಜಕರ್ಣ.

ಗಜಕರ್ಣವಂತೆ! ಒಬ್ಬ ಹೆಂಗಸು ವರ್ಷಗಟ್ಟಲೆ ನಿದ್ದೆಗೆಟ್ಟು ಗಂಡನನ್ನು ಬದುಕಿಸಿಕೊಂಡ ಗುರುತು ಇವರ ಕಣ್ಣಿಗೆ ತುರಿಕೆಯಾಗಿ ಕಂಡಿತು. ನಿದ್ದೆಯಲ್ಲಿದ್ದವನನ್ನು ಕೇಳಿ ಬರೆದರು. ಎಚ್ಚರವಿದ್ದವಳನ್ನು ಹೊರಗೆ ಕೂಡಿಸಿದರು.

ಇದು ತಪ್ಪು ಎಂದು ನಾನು ಮೇಜು ಗುದ್ದಿದೆ. ಕಾಗದ ಬರೆದ ಗುಮಾಸ್ತ ತಲೆ ಎತ್ತಲಿಲ್ಲ. “ಫಾರ್ಮಿನ್ಯಾಗ ಒಂದ ರೋಗದ ಹೆಸರ ಇರಬೇಕಪಾ. ದಮ್ಮ ನಿಂತಿತು ಅನ್ನೂದು ಒಂದ ಹೆಸರೇನು?”

ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆಯಬಹುದಿತ್ತು. ಅಷ್ಟು ಬರೆಯಲು ಇವರ ಕೈ ಸವೆಯುತ್ತಿತ್ತೇ?

ಹೊರಗೆ ಬಂದ ಮೇಲೆ ಮಾಮಾ ನನ್ನನ್ನೇ ಬೈದ. “ಬಾಯಿ ಮುಚ್ಚು ಅಳ್ಯಾ. ನೀ ಇನ್ನಾ ಕಲಿಯಾಕತ್ತೀದಿ, ಅವ್ರು ಕಲ್ತ ಕುಂತಾರ.” ಆ ಕಾಗದವನ್ನೂ ಕಣ್ಣಿಗೊತ್ತಿ, ಮಡಚಿ ಕಿಸೆಯಲ್ಲಿಟ್ಟುಕೊಂಡ. ಅವನ ಮೇಲೆಯೇ ನನಗೆ ಅಂದು ಮೈಯುರಿಯಿತು.

ನೌಕರಿ ಹೋಯಿತು. ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತು. ರಾತ್ರಿ ನಿದ್ದೆಯಿಲ್ಲದ ಮನುಷ್ಯ ಮಧ್ಯಾಹ್ನ ಬೇವಿನ ಕಟ್ಟೆಯ ಮೇಲೆ ತೂಕಡಿಸಿದರೆ ಸಾಕು, ಮೂರ್ಛೆ ಬಂತೆಂದು ಯಾರೋ ಕೈಗೆ ಬೀಗದ ಕೈ ತುರುಕುವರು, ಯಾರೋ ಮೂಗಿಗೆ ಚಪ್ಪಲಿ ಹಿಡಿಯುವರು. ಮೊದಮೊದಲು ಅವನು ನಗುತ್ತಿದ್ದ. “ಯಾರದೋ ಇದು? ಹಿಡಿಯೂ ಮುಂದ ಸಗಣಿ ಆದ್ರೂ ವರಸಬಾರ್ದೇನು?” ಆಮೇಲೆ ಕಟ್ಟೆಗೆ ಹೋಗುವುದನ್ನೇ ಬಿಟ್ಟ.

ದವಾಖಾನೆಯವರು ಮೂರ್ಛೆಗೆಂದು ಗುಳಿಗೆಯನ್ನೂ ಕೊಟ್ಟಿದ್ದರು. ತಪ್ಪದೆ ತೆಗೆದುಕೊಂಡರೆ ಮತ್ತೆ ತಪಾಸಣೆ, ಗುಣವಾದರೆ ಹೊಸ ಸರ್ಟಿಫಿಕೇಟ್. ಮಾಮಾ ಒಂದು ದಿನವೂ ತಪ್ಪಿಸಲಿಲ್ಲ. ರಜೆಗೆ ಹೋದ ನನ್ನನ್ನು ಅತ್ತಿ ಹಿತ್ತಲಿಗೆ ಕರೆದು ಹೇಳಿದಳು: “ಈ ಗುಳಿಗಿ ನುಂಗಾಕತ್ತಿದಾಗಿಂದ ಎಷ್ಟ ಬಡದ್ರೂ ಲಗೂನ ದಮ್ಮ ಬರವಲ್ದಪಾ. ಬ್ಯಾಡಂತ ಹೇಳು. ನಿನ್ನ ಮಾತ ಕೇಳ್ತಾರ.”

ಹೇಳಿದೆ. ಜಗಳವಾಡಿದೆ. ಮಾಮಾ ನಕ್ಕ. “ಬರದ ಕೊಟ್ಟಾರೋ ಹುಚ್ಚಾ! ನಿಮ್ಮತ್ತಿ ಕೈ ದೊಡ್ಡದೋ, ಅವರ ಕಾಗದ ದೊಡ್ಡದೋ?”

ನನ್ನ ರಿಸಲ್ಟ್ ಬರುವ ಮೊದಲೇ ಮಾಮಾ ನಿದ್ದೆಯಲ್ಲಿ ಹೋದ. ನಾನು ಊರು ಮುಟ್ಟಿದಾಗ ಅತ್ತಿಯ ಬಲ ಅಂಗೈ ಬಾತು ಕೆಂಪಾಗಿತ್ತು. “ಬಡದೆ… ಬಡದೆ…” ಎನ್ನುತ್ತಿದ್ದಳು. ಸಾವಿನ ಕಾಗದದಲ್ಲೂ ಮೂರ್ಛೆ ಎಂದೇ ಬರೆದರು. ಹಳೆಯದನ್ನು ನೋಡಿ ಇಳಿಸಿಕೊಂಡರು.

ಮುಂದೆ ನನಗೆ ಸಿಕ್ಕಿದ್ದು ದವಾಖಾನೆಯೊಂದರ ರಿಕಾರ್ಡು ವಿಭಾಗದ ಕೆಲಸ. ರೋಗಿಗಳ ಕಾಗದ ಓದಿ, ಒಂದೊಂದು ರೋಗಕ್ಕೆ ಒಂದೊಂದು ಅಂಕಿ ಗೊತ್ತುಮಾಡಿದ ದಪ್ಪ ಪುಸ್ತಕ ತೆರೆದು, ತಕ್ಕ ಅಂಕಿ ಹಾಕುವುದು. ಅಲ್ಲಿಗೆ ಬಂದ ಎಳೆಯ ಡಾಕ್ಟರೊಬ್ಬರು ಬಿಡಿಸಿ ಹೇಳಿದರು: ನಿದ್ದೆಯಲ್ಲಿ ಉಸಿರು ನಿಲ್ಲುವ ರೋಗವಿದೆ, ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಬಹಳ ಮಂದಿಗೆ ಗಂಟಲು ಮುಚ್ಚಿ, ಗೊರಕೆಯೊಂದಿಗೆ ಬರುತ್ತದೆ. ಕೆಲವರಲ್ಲಿ ಮಾತ್ರ ಉಸಿರಾಡು ಎಂದು ಹೇಳುವುದನ್ನು ಮೆದುಳೇ ಮರೆಯುತ್ತದೆ, ಅದಕ್ಕೆ ಗೊರಕೆಯಿಲ್ಲ. ಮೂರ್ಛೆಗೆ ಕೊಡುವ ಮಂಪರಿನ ಗುಳಿಗೆ ಅಂಥವರ ಉಸಿರನ್ನು ಇನ್ನಷ್ಟು ಅಡಗಿಸಬಹುದು. ಗುಳಿಗೆಯೇ ಕೊಂದಿತೆಂದು ನಾನು ಆಣೆ ಮಾಡಲಾರೆ. ಅತ್ತಿಯನ್ನು ಕೇಳಿದ್ದರೆ ಆ ಗುಳಿಗೆ ನಮ್ಮ ಮನೆಗೆ ಬರುತ್ತಿರಲಿಲ್ಲ ಎಂದು ಮಾತ್ರ ಎಲ್ಲಿ ಬೇಕಾದರೂ ಹೇಳುತ್ತೇನೆ.

ನನ್ನ ಮೇಜಿನ ಪುಸ್ತಕದಲ್ಲಿ ನಿದ್ದೆಯಲ್ಲಿ ಉಸಿರು ನಿಲ್ಲುವ ರೋಗಗಳನ್ನೆಲ್ಲ ಒಂದೇ ಸಾಲಿನಲ್ಲಿ ತುರುಕಿದ್ದಾರೆ. ಮಾಮಾನಂಥವರಿಗೆ ಬೇರೆ ಅಂಕಿಯಿಲ್ಲ. ಇರುವ ಅಂಕಿ ಹಾಕಿ ಪಕ್ಕದಲ್ಲಿ ಮಾತಿನಲ್ಲೇ ಬರೆಯುತ್ತೇನೆ: ಗೊರಕೆಯಿಲ್ಲದೆ ಉಸಿರು ನಿಲ್ಲುತ್ತದೆ, ಕಂಡು ಹೇಳಿದವರು ಹೆಂಡತಿ. ಬರೆದದ್ದು ಖರೇ ಇರುತ್ತದೆ ಎಂದು ನಂಬಿ ಸತ್ತವನಿಗೆ ನಾನು ತೀರಿಸಬಹುದಾದದ್ದು ಇಷ್ಟೇ.

ನಿದ್ದೆಯ ರೋಗಿಯ ಕಾಗದದಲ್ಲಿ ಪಕ್ಕ ಮಲಗುವವರ ಮಾತು ಇಲ್ಲದಿದ್ದರೆ ಅಂಕಿ ಹಾಕದೆ ವಾಪಸು ಕಳಿಸುತ್ತೇನೆ. ಡಾಕ್ಟರರು ಸಿಡುಕುತ್ತಾರೆ. “ಬಿ.ಎ. ಸಾಹೇಬ್ರ, ನೀವೇ ಬಂದು ಡಾಕ್ಟರ್ಕಿ ಮಾಡ್ರಿ.”

“ಅದ ನಿಮ್ಮ ಕೆಲಸ, ನೀವೇ ಮಾಡ್ರಿ,” ಎನ್ನುತ್ತೇನೆ. “ಹೊರಗ ಕುಂತಾಳಲ್ಲ, ಆ ಹೆಣ್ಮಗಳಿಗ ಮದಲ ಒಳಗ ಕರೀರಿ.”