ಹಿಮ್ಮಡಿಗೆ ಸೂಜಿ, ನಾಲಿಗೆಗೆ ಹಾಲು

ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಸೀರೆ ಒದ್ದೆಯಾಯಿತು. ಬಸಿರಿನ ಇಪ್ಪತ್ತೊಂಬತ್ತನೆಯ ವಾರ. ಬಸವೇಶ್ವರನಗರದ ಶಾಲೆಯಿಂದ ಆಟೋದಲ್ಲಿ ನೇರ ಆಸ್ಪತ್ರೆಗೆ ಹೋದೆ. ಮರುದಿನ ಬೆಳಿಗ್ಗೆ ಮಗ ಹುಟ್ಟಿದ.

ಒಂದು ಕಿಲೋ ನೂರು ಗ್ರಾಂ.

ಅವನನ್ನು ಎನ್‌ಐಸಿಯುವಿನಲ್ಲಿ, ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ ಇಟ್ಟರು. ಮೂಗಿಗೆ ಆಕ್ಸಿಜನ್, ಬಾಯಿಗೆ ಹಾಲಿನ ಟ್ಯೂಬ್. ರಕ್ತಪರೀಕ್ಷೆಗೆಂದು ಆಗಾಗ ಹಿಮ್ಮಡಿಗೆ ಸೂಜಿ ಚುಚ್ಚುತ್ತಿದ್ದರು. ನನ್ನ ಹೆಬ್ಬೆರಳಿನಷ್ಟೂ ಇಲ್ಲದ ಹಿಮ್ಮಡಿ. ಆ ಹೊತ್ತಿಗೆ ನಾನು ಎದ್ದು ಆಚೆ ಹೋಗಿಬಿಡುತ್ತಿದ್ದೆ. ಅದು ಅಮ್ಮನ ಕಟ್ಟಪ್ಪಣೆ. ಮೂಡಲಪಾಳ್ಯದ ಮನೆಯಿಂದ ಬೆಳ್ಳುಳ್ಳಿ ಸಾರು ಹೊತ್ತು ಬರುತ್ತಿದ್ದ ಅಮ್ಮ ದಿನವೂ ಅದನ್ನೇ ಹೇಳುತ್ತಿದ್ದಳು.

"ಹಸಿ ಬಾಣಂತಿ ಅಳಬಾರ್ದು ಕಣೇ. ಹಾಲು ಬತ್ತೋಗುತ್ತೆ. ಚುಚ್ಚುವಾಗ ಅಲ್ಲಿರ್ಬೇಡ, ಆಚೆ ಬಾ."

ನಾನು ಲೆಕ್ಕದ ಟೀಚರ್. ಯಾರು ಏನೇ ಹೇಳಿದರೂ ಯಾಕೆ ಎಂದು ಜಗಳಕ್ಕೆ ನಿಲ್ಲುವವಳು. ಇದೊಂದನ್ನು ಮಾತ್ರ ತುಟಿ ಪಿಟಕ್ಕೆನ್ನದೆ ಪಾಲಿಸಿದೆ. ಅವನಿಗೆ ನಾನು ಕೊಡಬಹುದಾದದ್ದು ಹಾಲೊಂದೇ, ಅದೂ ನಿಂತುಹೋದರೆ ಎಂಬ ಭಯ. ಜೊತೆಗೆ ಅವನು ಅಳುತ್ತಲೂ ಇರಲಿಲ್ಲ. ಬಾಗಿಲಾಚೆ ನಿಂತು ಕಿವಿಗೊಟ್ಟರೂ ಸದ್ದಿಲ್ಲ. ನೋವು ಗೊತ್ತಾಗುವಷ್ಟು ಇನ್ನೂ ಬೆಳೆದಿಲ್ಲ, ಪುಣ್ಯ, ಎಂದುಕೊಂಡೆ.

ನಾಲ್ಕನೇ ವಾರ ಕಣ್ಣಿನ ಪರೀಕ್ಷೆ. ಇಷ್ಟು ಬೇಗ ಹುಟ್ಟಿದ ಮಕ್ಕಳ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದರೆ ದೃಷ್ಟಿಯೇ ಹೋಗಬಹುದು. ರೆಪ್ಪೆ ಅಗಲಿಸಿ, ಕ್ಲಿಪ್ ಹಾಕಿ ನೋಡಬೇಕು. ನಾನು ಆಚೆ ಕುಳಿತಿದ್ದೆ. ಒಳಗೆ ಮಾನಿಟರ್ ಕೂಗತೊಡಗಿತು. ಕಣ್ಣಿನ ಡಾಕ್ಟರ್ ಹೊರಬಂದರು.

"ರಕ್ತದ ಆಕ್ಸಿಜನ್ ತುಂಬಾ ಬಿತ್ತು. ಅರ್ಧಕ್ಕೇ ನಿಲ್ಲಿಸಿದೀವಿ. ನಾಳೆ ನೋಡ್ಲೇಬೇಕು, ಮುಂದಕ್ಕೆ ಹಾಕೋ ಹಾಗಿಲ್ಲ."

ನಾಳೆಯೂ ಹೀಗೇ ಆದರೆ?

ಸಂಜೆ ಲೀಲಾ ಸಿಸ್ಟರ್ ಸೂಜಿ ಹಿಡಿದು ಬಂದರು. ಎಂದಿನಂತೆ ಎದ್ದೆ.

"ಎಲ್ಲಿಗ್ ಹೊರಟ್ರಿ? ಕೂತ್ಕೊಳ್ಳಿ. ಇವತ್ತು ಅವನ ಮುಖ ನೋಡಿ."

ನೋಡಿದೆ. ಹುಬ್ಬು ಗಂಟಿಕ್ಕಿತು. ಕಣ್ಣು ಬಿಗಿಯಾಗಿ ಮುಚ್ಚಿತು. ಬಾಯಿ ಅಗಲವಾಗಿ ತೆರೆಯಿತು, ಸದ್ದು ಮಾತ್ರ ಬರಲಿಲ್ಲ. ಕೈಬೆರಳುಗಳು ಅಷ್ಟೂ ಬಿಚ್ಚಿಕೊಂಡು ಗಾಳಿಯಲ್ಲಿ ತಡಕಾಡಿದವು.

ಅಳುತ್ತಲೇ ಇದ್ದ. ಇಷ್ಟೂ ದಿನ.

"ಕೂಗೋಕೆ ಶಕ್ತಿ ಇಲ್ಲ ಅಷ್ಟೇ, ನೋವಿಲ್ಲ ಅಂತಲ್ಲ," ಎಂದರು ಸಿಸ್ಟರ್. "ಚುಚ್ಚುವಾಗ ಅವನನ್ನ ಹಿಡ್ಕೊಳ್ಳೋಕೆ ಒಬ್ಬರು ಬೇಕು. ನೀವು ನೋಡಿದ್ರೆ ಎದ್ದು ಹೋಗ್ತೀರಾ."

ನನ್ನ ಮೇಲೇ ಹಾಳು ಸಿಟ್ಟು ಬಂತು. ಸಿಸ್ಟರ್ ಅಲ್ಲೇ ನಿಂತು ಕಲಿಸಿದರು. ಎರಡು ನಿಮಿಷ ಮೊದಲು ನಾಲಿಗೆಗೆ ಎದೆಹಾಲಿನ ಕೆಲವು ಹನಿ. ಒಂದು ಅಂಗೈ ತಲೆಯ ಸುತ್ತ, ಇನ್ನೊಂದರಿಂದ ಕಾಲು ಮಡಚಿ ಹೊಟ್ಟೆಯ ಹತ್ತಿರ ಹಿಡಿಯಬೇಕು. ಸವರಬಾರದು, ತಟ್ಟಬಾರದು. ಸುಮ್ಮನೆ ಹಿಡಿದಿರಬೇಕು.

ಮರುದಿನ ಬಾಗಿಲಲ್ಲಿ ಅಮ್ಮ ನನ್ನ ತೋಳು ಹಿಡಿದಳು. "ಬೇಡ ಕಣೇ, ಅತ್ತುಬಿಡ್ತೀಯ."

"ಅಳ್ತೀನಿ ಬಿಡಮ್ಮ. ಹಾಲು ಬತ್ತಿದ್ರೆ ಆಮೇಲೆ ಬೈಯುವಂತೆ."

ಸಿಸ್ಟರ್ ಅವನ ನಾಲಿಗೆಗೆ ಹಾಲು ಮುಟ್ಟಿಸಿದರು. ನಾನು ಹಿಡಿದೆ. ಡಾಕ್ಟರ್ ಕ್ಲಿಪ್ ಹಾಕಿದರು. ಮಾನಿಟರಿನಲ್ಲಿ ಆಕ್ಸಿಜನ್ ತೊಂಬತ್ತಮೂರು ಇತ್ತು. ಎಂಬತ್ತೊಂಬತ್ತಾಯಿತು. ಎಂಬತ್ತೈದು. ಅವನ ಪಾದ ನನ್ನ ಅಂಗೈಯನ್ನು ಒದೆಯುತ್ತಿತ್ತು. ನನ್ನ ಮಾಸ್ಕ್ ಕಣ್ಣೀರಿಗೆ ಒದ್ದೆಯಾಗಿ ಮೂಗಿಗೆ ಅಂಟಿಕೊಂಡಿತು.

"ಕೈ ತೆಗೀಬೇಡಿ," ಎಂದರು ಸಿಸ್ಟರ್.

ಎಂಬತ್ತೈದು. ಎಂಬತ್ತೈದು. ಎಂಬತ್ತೆಂಟು.

"ಒಂದು ಕಣ್ಣು ಆಯ್ತು," ಎಂದರು ಡಾಕ್ಟರ್. ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಮಾನಿಟರ್ ಕೂಗಲಿಲ್ಲ.

"ಎರಡೂ ಪೂರ್ತಿ ನೋಡ್ದೆ. ಸದ್ಯಕ್ಕೆ ಟ್ರೀಟ್‌ಮೆಂಟ್ ಬೇಡ. ಎರಡು ವಾರ ಬಿಟ್ಟು ಮತ್ತೆ ನೋಡೋಣ."

ಸದ್ಯಕ್ಕೆ. ಆ ಪದವನ್ನೇ ಎರಡೂ ಕೈಯಲ್ಲಿ ಇಸಿದುಕೊಂಡೆ. ಇನ್ನೆಷ್ಟು ಸೂಜಿ ಕಾದಿವೆಯೋ ಗೊತ್ತಿಲ್ಲ, ಅವನ್ನು ತಪ್ಪಿಸುವುದು ನನ್ನಿಂದ ಆಗದು. ಅವನ ಮುಷ್ಟಿ ಸಡಿಲವಾಗಿ ನಿದ್ದೆ ಹತ್ತುವವರೆಗೂ ಕೈ ತೆಗೆಯಲಿಲ್ಲ.

ಹೊರಬಂದಾಗ ಅಮ್ಮ ಬಾಗಿಲಿನ ಗಾಜಿನ ಪಕ್ಕದಲ್ಲೇ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು.

"ನೀನು ಸುಸ್ತಾದಾಗ ಯಾರಾದ್ರೂ ಬೇಕಲ್ಲ. ಹೆಂಗ್ ಹಿಡೀಬೇಕು, ತೋರ್ಸು."