ಬಾಯಿ ತೊಳೆಸಿ ಕೊಟ್ಟ ಕಫ

ತೊಂಬತ್ತೈದನೇ ಇಸವಿಯ ಶ್ರಾವಣ. ನಿಪ್ಪಾಣಿಯ ನಮ್ಮ ಮನೆಯ ಹಿತ್ತಲಲ್ಲಿ ನಾನೂ ಸೊಸೆ ಕಸ್ತೂರಿಯೂ ಎಂದಿನಂತೆ ಹಲ್ಲಿಗೆ ಮಿಶ್ರಿ ತಿಕ್ಕುತ್ತ ಕುಳಿತಿದ್ದೆವು. ತಂಬಾಕು ಹುರಿದು ಮಾಡುವ ಈ ಕರಿ ಪುಡಿ ನಮ್ಮ ಕಡೆಯ ಹೆಂಗಸರಿಗೆ ಎದ್ದಕೂಡಲೇ ಬೇಕು. ಅವಳ ಮಡಿಲಲ್ಲಿ ಏಳು ತಿಂಗಳ ಅಂಬು.

"ಅತ್ತಿ, ನಿಮ್ಮ ಮೊಮ್ಮಗಳು ಮಿಶ್ರಿ ಡಬ್ಬಿಗೇ ಕೈ ಹಾಕಾಕತ್ತಾಳ ನೋಡ್ರಿ."

"ಹಾಕ್ಲಿ ಬಿಡ. ನಾಳೆ ತಂಬಾಕಿನ ವಖಾರಿಗೆ ನಿನ್ನ ಬದ್ಲಿ ಅಕೀನ ಹೋಗ್ತಾಳ."

ಮರುದಿನ ಕಸ್ತೂರಿ ಕೆಮ್ಮಿದಾಗ ರಕ್ತ ಬಿತ್ತು.

ದವಾಖಾನೆಯಲ್ಲಿ ಒಂದು ಸಣ್ಣ ಡಬ್ಬಿ ಕೊಟ್ಟು, "ಮುಂಜಾನೆ ಎದಿಯೊಳಗಿಂದ ಕೆಮ್ಮಿ ಇದ್ರಾಗ ಕಫ ತರ್ರಿ" ಅಂದರು. ಬೆಳಗ್ಗೆ ಅವಳ ಕಫ ಮಿಶ್ರಿಯಿಂದ ಕರ್ರಗೆ ಬಂತು. ನನಗೆ ನಾಚಿಕೆಯಾಯಿತು. "ಇಂಥಾದ್ದು ಡಾಕ್ಟರಗ ಹ್ಯಾಂಗ ತೋರಿಸೂದ? ಹೊಲಸ ಮಂದಿ ಅಂತಾರ" ಎಂದು ಅದನ್ನು ಚೆಲ್ಲಿದೆ. ಎರಡು ಸಲ ಬಾಯಿ ಮುಕ್ಕಳಿಸಲು ಹೇಳಿ, ಬರೀ ತಿಳಿ ಉಗುಳನ್ನು ಡಬ್ಬಿಗೆ ಹಾಕಿಸಿ ಕೊಟ್ಟುಬಂದೆ. ಅದರಲ್ಲಿ ಟಿ.ಬಿ. ರೋಗದ ಜಂತು ಇಲ್ಲವೆಂದು ಬರೆದು ಕೊಟ್ಟರು. ಅವಳು ದುಡಿಯುವ ವಖಾರಿಯ, ಆ ತಂಬಾಕಿನ ಗೋದಾಮಿನ, ಧೂಳಿನ ಕೆಮ್ಮೆಂದು ಸುಮ್ಮನಾದೆವು.

ದೀಪಾವಳಿ ಕಳೆದ ಮೇಲೆ ಅಂಬುಗೆ ಜ್ವರ ಬಂತು, ಆಮೇಲೆ ಫಿಟ್ಸ್. "ಮನ್ಯಾಗ ಯಾರಿಗರೆ ಟಿ.ಬಿ. ಐತೇನ್ರಿ?" ಎಂದು ಡಾಕ್ಟರು ಕೇಳಿದರು. "ಇಲ್ರಿ, ತಪಾಸಣಿ ಮಾಡಿಸೇವಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಅವರು ಬೇರೆ ಜ್ವರಕ್ಕೆ ಔಷಧ ಕೊಟ್ಟರು. ನಾಲ್ಕನೇ ದಿನ ಕೂಸು ಹೋಯಿತು.

ಕಸ್ತೂರಿ ಒಣಗುತ್ತ ಬಂದಳು. ಮೀರಜಿನ ದೊಡ್ಡ ದವಾಖಾನೆಗೆ ಕರೆದೊಯ್ದು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು, "ಮಾವಶಿ, ಮ್ಯಾಲಿನ ಭಾಗದಾಗ ಪೊಳ್ಳ ಆಗೈತಿ. ಟಿ.ಬಿ. ಹಾಂಗ ಕಾಣತೈತಿ. ಆದ್ರ ಕಫದಾಗ ಜಂತು ಇಲ್ಲಂತ ಬರದಾರ. ಕ್ಯಾನ್ಸರಿನ ಕೆಟ್ಟ ಗಂಟಿದ್ರೂ ಹಿಂಗ ಕಾಣಬಹುದು. ಎದಿ ಕೊಯ್ದು ನೋಡಬೇಕಾಗತೈತಿ" ಅಂದರು. ಅವಳ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಆಗಲೂ ನಾನು ಆ ಡಬ್ಬಿಯ ಸಂಗತಿ ಮುಚ್ಚಿಟ್ಟೆ.

ಅವಳನ್ನು ವಾರ್ಡಿನಲ್ಲಿ ಬಿಟ್ಟು, ಬಸ್ ಹಿಡಿದು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋದೆ. ಅವನ ಮುಂದೆ ಭಂಡಾರದ ಅರಿಶಿನಪುಡಿ ಹಿಡಿದು ನಿಂತೇ ಇದ್ದೆ. ಹಿಂದಿದ್ದ ಮುದುಕಿ, "ಏನ ಬೇ, ದೇವ್ರ ಮಾರಿ ನೋಡಕೋಂತ ನಿಂತೀ? ಲಗೂ ಬೇಡ್ಕೊ, ಪಾಳಿ ಐತಿ" ಎಂದು ತಿವಿದಳು. "ತಪ್ಪಾತಪ್ಪಾ ಮಲ್ಲಯ್ಯ, ಡಬ್ಬಿಯೊಳಗಿಂದು ಖರೆ ಕಫ ಅಲ್ಲ, ಸೊಸೀನ ಉಳಿಸು" ಎಂಬ ಮಾತು ನನ್ನ ಬಾಯಿಂದ ಎಲ್ಲರಿಗೂ ಕೇಳುವಂತೆ ಬಂದುಬಿಟ್ಟಿತು. ದೇವರ ಮುಂದೆ ಆಡಿದ್ದನ್ನು ಡಾಕ್ಟರ ಮುಂದೆ ಮುಚ್ಚಲು ಆಗಲಿಲ್ಲ. ಅಂದೇ ತಿರುಗಿ ಹೋಗಿ ಎಲ್ಲ ಹೇಳಿದೆ.

ಡಾಕ್ಟರು ಹಳೆಯ ಕಫದ ಚೀಟಿಯನ್ನು ಬದಿಗಿಟ್ಟರು. "ಕಫ ಕರೀದಿರಲಿ, ಹಳದಿ ಇರಲಿ ಮಾವಶಿ, ನಮಗ ಒಳಗಿಂದ ಬೇಕಿತ್ತು."

ಮತ್ತೆ ಮೂರು ಮುಂಜಾವು ಕಫ ತೆಗೆಸಿದರು. ಜಂತು ಸಿಕ್ಕವು. ಕೊಯ್ಯುವುದು ತಪ್ಪಿತು, ಗುಳಿಗೆ ಸಾಕು ಅಂದರು. ಟಿ.ಬಿ. ಎಂದು ಕೇಳಿ ಕೈ ಮುಗಿದವಳು ಆ ವಾರ್ಡಿನಲ್ಲಿ ನಾನೊಬ್ಬಳೇ ಇರಬೇಕು.

ಗುಳಿಗೆ ಬರೆಯುತ್ತ ಡಾಕ್ಟರು ಕೇಳಿದರು, "ಮನ್ಯಾಗ ಸಣ್ಣ ಕೂಸು ಅದಾವೇನು? ಈ ರೋಗ ಅವಕ್ಕ ಲಗೂ ಹತ್ತತೈತಿ."

ನಾನು ತಲೆ ತಗ್ಗಿಸಿದೆ. ಕಸ್ತೂರಿಯೇ ಹೇಳಿದಳು: "ಇತ್ರಿ."

ತಿಂಗಳುಗಟ್ಟಲೆ ಗುಳಿಗೆ ನುಂಗಿ ಅವಳು ಗುಣವಾದಳು. ಬೇಡಿದ್ದನ್ನು ಮಲ್ಲಯ್ಯ ಕೊಟ್ಟ. ಬೇಡಲು ತಡ ಮಾಡಿದವಳು ನಾನು. ಅವನ ಮೇಲಿನ ನಂಬಿಕೆ ಗಟ್ಟಿಯಾಗಿದೆ, ಅವನ ಮುಂದೆ ತಲೆ ಎತ್ತುವುದು ಮಾತ್ರ ಇನ್ನೂ ಆಗುವುದಿಲ್ಲ. ಈಗ ಕಸ್ತೂರಿಗೆ ಇಬ್ಬರು ಗಂಡುಮಕ್ಕಳು. ಅಂಬು ಇಲ್ಲ.