ಬಾಂಬೆಗೆ ಹೋದವನ ಕಾಗದ

ಕಳೆದ ವಾರ ನಮ್ಮ ಕಮ್ಮನಹಳ್ಳಿಯ ಮನೆಗೆ ಬಣ್ಣ ಬಳಿಯಲು ಬಂದ ಮೇಸ್ತ್ರಿ ಅಟ್ಟದ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಇಳಿಸಿ, ಮುಖ ಅತ್ತ ತಿರುಗಿಸಿಕೊಂಡು ನನ್ನ ಮುಂದಿಟ್ಟರು. ನುಸಿಗುಳಿಗೆ ಮತ್ತು ಬೂಷ್ಟು ಒಟ್ಟಾಗಿ ಸಂಸಾರ ಹೂಡಿದಂಥ ವಾಸನೆ. ತೆರೆದರೆ, ಎಲ್ಲಕ್ಕಿಂತ ಮೇಲೆ ಒಂದು ವಿಡಿಯೊ ಕ್ಯಾಸೆಟ್. ಡಬ್ಬಿಯ ಮೇಲೆ ಶಂಖ, ಚಕ್ರ, ಬಣ್ಣ ಮಾಸಿದ ಮಹಾವಿಷ್ಣು. ಒಳಗಿರುವುದು ಮಾತ್ರ ಆಸ್ತಿಗಾಗಿ ಒಬ್ಬರನ್ನೊಬ್ಬರು ಮುಗಿಸುವ ಇಂಗ್ಲೆಂಡಿನ ಒಂದು ಮರ್ಯಾದಸ್ಥ ಕುಟುಂಬ. ನೋಡದೆಯೇ ನನಗೆ ಗೊತ್ತಿತ್ತು. ಆ ಸಿನಿಮಾವನ್ನು ಹತ್ತು-ಹನ್ನೆರಡು ಸಲ ಕನ್ನಡಕ್ಕೆ ತಂದ ಪಾಪ ನನ್ನದೇ.

ಅದನ್ನು ನನ್ನಿಂದ ಮಾಡಿಸಿದವರು ನನ್ನ ಸೋದರತ್ತೆ, ಅಪ್ಪನ ಅಕ್ಕ.

ಹಲಸೂರು ಕೆರೆಯ ಆಚೆ ನಮ್ಮ ತಾತನಿಗೆ ಸೊಪ್ಪಿನ ತೋಟವಿತ್ತು. ಅವರು ತೋಟವನ್ನು ಇಬ್ಬರು ಗಂಡುಮಕ್ಕಳಿಗೆ ಬರೆದು, ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದ ಮಗಳಿಗೆ ಮನೆಯನ್ನು ಬರೆದರು. ನನ್ನಪ್ಪ ತಮ್ಮ ಪಾಲು ಮಾರಿ ತುಮಕೂರು ಸೇರಿದರು. ದೊಡ್ಡಪ್ಪನ ಮೂವರು ಮಕ್ಕಳು ಅತ್ತೆಯ ಮನೆಯನ್ನು ಮೂರು ದಿಕ್ಕಿನಿಂದ ಸುತ್ತುವರಿದು ತಮ್ಮ ಮನೆಗಳನ್ನು ಕಟ್ಟಿಕೊಂಡರು. ಅತ್ತೆಗೆ ಮಕ್ಕಳಿರಲಿಲ್ಲ; ಆದ್ದರಿಂದ ನೋಡಿಕೊಳ್ಳುವವರಿಗೆ ಕೊರತೆಯೂ ಇರಲಿಲ್ಲ. ತಿಂಡಿ ಒಂದು ಮನೆಯಿಂದ, ಊಟ ಇನ್ನೊಂದರಿಂದ, ರಾತ್ರಿಯ ಮುದ್ದೆ ಮತ್ತೊಂದರಿಂದ. ಒಬ್ಬ ಮಂಚ ತಂದರೆ ಇನ್ನೊಬ್ಬ ಅದಕ್ಕೆ ಹಾಸಿಗೆ ತಂದ. ಈ ಸೇವೆಯ ಪಂದ್ಯದಲ್ಲಿ ಹಿಂದೆ ಬೀಳಬಾರದೆಂದು ಎಲ್ಲರಿಗೂ ಹಿರಿಯನಾದ ದೊಡ್ಡಣ್ಣ ಕಲರ್ ಟೀವಿಯನ್ನೂ ವಿ.ಸಿ.ಆರ್. ಅನ್ನೂ ತಂದು ಅತ್ತೆಯ ಹಜಾರದಲ್ಲಿ ಸ್ಥಾಪಿಸಿ, ಹೂವಿನ ಹಾರವನ್ನೂ ಹಾಕಿದ.

ಈ ಸಮರಾಂಗಣಕ್ಕೆ ನಾನು ಬಂದು ಬಿದ್ದದ್ದು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಶಿವಾಜಿನಗರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಅತ್ತೆ ಒಂದೇ ಮಾತಿಗೆ ಮಹಡಿಯ ರೂಮು ಕೊಟ್ಟರು. ಬಂದ ದಿನವೇ ದೊಡ್ಡಣ್ಣ ನನ್ನನ್ನು ಮೆಟ್ಟಿಲ ಕೆಳಗೆ ಕರೆದ.

"ನಿಮ್ಮಪ್ಪ ತನ್ನ ಪಾಲು ತಗೊಂಡು ಹೋಗಾಯ್ತು ಮಗಾ. ಇಲ್ಲಿ ನೀನು ನೆಂಟ. ಅತ್ತೆ ಇರು ಅನ್ನೋ ತನಕ ಇರು, ಹೋಗು ಅಂದ ದಿನ ಹೊರಡು. ಮಧ್ಯದಲ್ಲಿ ಅವಳ ತಲೆ ಕೆಡಿಸೋ ಕೆಲಸ ಬೇಡ."

ಬೇರೆ ರೂಮು ಹಿಡಿಯುವ ಯೋಗ್ಯತೆ ನನ್ನ ಸಂಬಳಕ್ಕೆ ಇರಲಿಲ್ಲ. ಹಾಗಾಗಿ ಅತ್ತೆಯ ನಂಬಿಕೆಯೇ ನನ್ನ ತಲೆಯ ಮೇಲಿನ ಸೂರಾಗಿತ್ತು. ನಾನು ತಲೆಯಾಡಿಸಿದೆ.

ಭಾನುವಾರ ಬೆಳಿಗ್ಗೆ ಅತ್ತೆ ಸೋಮೇಶ್ವರನ ಗುಡಿಗೆ ಹೋಗಿ, ಬರುವಾಗ ಬಜಾರ್ ರಸ್ತೆಯ ವಿಡಿಯೊ ಲೈಬ್ರರಿಯಿಂದ ತಾವೇ ಒಂದು ದೇವರ ಸಿನಿಮಾ ತರುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅದರ ಪ್ರದರ್ಶನ. ಒಂದು ಭಾನುವಾರ ಮಹಾವಿಷ್ಣುವಿನ ಡಬ್ಬಿಯಿಂದ ಕ್ಯಾಸೆಟ್ ತೆಗೆದು ಹಾಕಿದೆ. ಪರದೆಯ ಮೇಲೆ ಕ್ಷೀರಸಾಗರದ ಬದಲು ಕಪ್ಪು-ಬಿಳುಪು ಬಂಗಲೆಯೊಂದು ಮೂಡಿತು. ಟೋಪಿ ಹಾಕಿದ ಇಂಗ್ಲಿಷರು ಕಾರುಗಳಿಂದ ಇಳಿಯತೊಡಗಿದರು.

"ಅಂಗಡಿಯವರು ಡಬ್ಬಿ ಬದಲಾಯಿಸಿಬಿಟ್ಟಿದಾರೆ ಅತ್ತೆ. ಹೋಗಿ ಬೇರೆ ತರ್ತೀನಿ."

"ತಂದಿದ್ದಾಯ್ತು, ಬಿಡೋ," ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ನೀನು ಇಂಗ್ಲಿಷ್ ಓದಿದೀಯಲ್ಲ, ಹೇಳ್ತಾ ಹೋಗು."

ಹೇಳತೊಡಗಿದೆ. ಒಬ್ಬ ಶ್ರೀಮಂತ ಮುದುಕ, ಸುತ್ತ ಅವನ ನೆಂಟರು. ದಿನಾ ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ ಕುಳಿತು ಉಯಿಲು ತಿದ್ದುವುದು ಮುದುಕನ ಹವ್ಯಾಸ. ಬೆಳಿಗ್ಗೆ ಯಾರ ಹೆಸರು ಬರೆಯುತ್ತಾನೋ ಅವರನ್ನು ಸಂಜೆಯ ಟೀ ಹೊತ್ತಿಗೆ ಉಳಿದವರು ಬಹಳ ಸಭ್ಯವಾಗಿ ಪರಲೋಕಕ್ಕೆ ಕಳಿಸುತ್ತಾರೆ. ಕೊಲ್ಲುವ ಮುಂಚೆ ಕ್ಷಮೆ ಕೇಳುವಂಥ ಜನ. ಮೊದಲ ಸರದಿ ಒಬ್ಬ ದಪ್ಪನೆಯ ಸೋದರಳಿಯನದು. ಬಿಳಿ ಕೈಗವಸಿನ ಹೆಂಗಸೊಬ್ಬಳು ಅವನ ಬಟ್ಟಲಿಗೆ ಪುಟ್ಟ ಸೀಸೆಯಿಂದ ಏನನ್ನೋ ಬಗ್ಗಿಸತೊಡಗಿದಳು. ಸರಿಯಾಗಿ ಅದೇ ಹೊತ್ತಿಗೆ ದೊಡ್ಡಣ್ಣನ ಹೆಂಡತಿ, ನಮ್ಮ ಅತ್ತಿಗೆ, ಅತ್ತೆಯ ಕಾಫಿ ಲೋಟ ಹಿಡಿದು ಒಳಗೆ ಬಂದರು.

"ಅದೇನೋ ಹಾಕ್ತಿದಾಳೆ ಟೀಗೆ?" ಅತ್ತೆ ಕೇಳಿದರು.

ಅತ್ತಿಗೆಯ ಕೈಯ ಲೋಟ ನೋಡಿದೆ. ಅತ್ತೆಯ ಮುಖ ನೋಡಿದೆ. ನನ್ನ ಮಹಡಿಯ ರೂಮು ನೆನಪಾಯಿತು.

"ಬೆಲ್ಲ, ಅತ್ತೆ."

"ಬೆಲ್ಲಾನ ಯಾಕೆ ಕದ್ದು ಹಾಕ್ತಾಳೆ?"

"ಅವನಿಗೆ ಡಾಕ್ಟ್ರು ಸಿಹಿ ಬೇಡ ಅಂದಿದಾರೆ. ಪಾಪ, ಆಸೆ ಪಡ್ತಾನಲ್ಲ ಅಂತ..."

ಅತ್ತೆ ಲೋಟ ಇಸಿದುಕೊಂಡು, ಪರದೆ ನೋಡುತ್ತಲೇ, ಒಂದೇ ಉಸಿರಿಗೆ ಕುಡಿದು ಮುಗಿಸಿದರು. "ನಿಂದೂ ಸಿಹಿ ಒಂಚೂರು ಜಾಸ್ತಿ ಆಯ್ತು ಕಣೆ," ಎಂದು ಲೋಟ ಹಿಂತಿರುಗಿಸಿದರು. ಅತ್ತಿಗೆ ನಕ್ಕು ಹೋದರು.

ಒಂದು ಸುಳ್ಳು ಹೇಳಿದವನಿಗೆ ಅದರ ಸಂತಾನವನ್ನೆಲ್ಲ ಸಾಕುವ ಹೊಣೆ ಬರುತ್ತದೆ. ದಪ್ಪ ಅಳಿಯ ಸೋಫಾದ ಹಿಂದೆ ಉರುಳಿದ. ಇಬ್ಬರು ಬಂದು ಕಾಲು ಹಿಡಿದು ಎಳೆದುಕೊಂಡು ಹೋದರು. ಬಾಂಬೆ ರೈಲಿಗೆ ತಡವಾಗಿದೆ, ಎಬ್ಬಿಸಲು ಸಮಯವಿಲ್ಲ, ಹಾಗೇ ಕರೆದುಕೊಂಡು ಹೋಗುತ್ತಿದ್ದಾರೆ ಎಂದೆ. ಮರುದೃಶ್ಯದಲ್ಲಿ ಎಲ್ಲರೂ ಕಪ್ಪು ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದರು.

"ಇದೇನೋ?"

"ಬೀಳ್ಕೊಡುಗೆ. ಅವರಲ್ಲಿ ಊರಿಗೆ ಹೋಗೋರನ್ನ ಹೀಗೇ ಕಳಿಸೋದು."

"ಪೆಟ್ಟಿಗೆ ಬಹಳ ದೊಡ್ಡದಿದೆ."

"ದೂರದ ಊರು ಅತ್ತೆ."

ಬಾವಿಗೆ ಬಿದ್ದ ಪಾದ್ರಿಯನ್ನು ಕಾಶಿಗೆ ಕಳಿಸಿದೆ. ಪಾದ್ರಿಗೆ ಕಾಶಿಯಲ್ಲಿ ಏನು ಕೆಲಸ ಎಂಬುದು ಆಮೇಲೆ ಹೊಳೆಯಿತು. ದೀಪದ ಗೊಂಚಲು ತಲೆಯ ಮೇಲೆ ಬಿದ್ದ ಹೆಂಗಸಿಗೆ ಕೋಲಾರದ ಚಿನ್ನದ ಗಣಿಯ ಶಾಲೆಯಲ್ಲಿ ಟೀಚರ್ ಕೆಲಸ ಕೊಡಿಸಿದೆ. ಕಡೆಗೆ ಉಳಿಯುವವರು ಮುದುಕ ಮತ್ತು ಅವನ ಅಡುಗೆಯವಳು. ಅವಳು ಟೀ ತಂದಿಡುತ್ತಾಳೆ. ಮುದುಕ ಅವಳನ್ನು ದೀರ್ಘವಾಗಿ ನೋಡಿ, ‘ದಟ್ ವಿಲ್ ಬಿ ಆಲ್’ ಎನ್ನುತ್ತಾನೆ. ಇಲ್ಲಿಗೆ ಸಾಕು, ನೀನಿನ್ನು ಹೋಗು ಎಂಬರ್ಥ. ಆ ಮಾತು ಬಂದೊಡನೆ ಅತ್ತೆ, ನಾನು ಬಾಯಿ ತೆರೆಯುವ ಮೊದಲೇ, ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಸಿನಿಮಾ ಮುಗಿಯಿತೆಂದು ಅವರಿಗೆ ಹೇಗೋ ತಿಳಿದಿರಬೇಕು ಅಂದುಕೊಂಡೆ.

ಅಲ್ಲಿಗೆ ಮುಗಿಯಿತೆಂದು ನಾನು ನಿಟ್ಟುಸಿರು ಬಿಟ್ಟದ್ದು ಅವಸರವಾಯಿತು. ಎರಡು ವಾರ ಬಿಟ್ಟು ಮಹಾವಿಷ್ಣುವಿನ ಡಬ್ಬಿ ಮತ್ತೆ ಬಂತು, ಅದರೊಳಗೆ ಅದೇ ಬಂಗಲೆ.

"ಆ ಮುದುಕ ನಮ್ಮಪ್ಪನ ಥರಾನೇ ಇದಾನೆ. ಇನ್ನೊಂದ್ಸಲ ನೋಡಣ," ಎಂದರು ಅತ್ತೆ.

ಹೋದ ಸಲ ಯಾರನ್ನು ಯಾವ ಊರಿಗೆ ಕಳಿಸಿದ್ದೆ ಎಂಬುದು ನನಗೆ ಅರ್ಧ ಮರೆತಿತ್ತು. ಅತ್ತೆಗೆ ಪೂರ್ತಿ ನೆನಪಿತ್ತು. "ಬಾಂಬೆಗೆ ಹೋದೋನು ಕಾಗದ ಬರೆದನಾ?" ಎಂದು ಕೇಳಿದರು. ಬರೆದನೆಂದೆ. ಬಂದರಿನಲ್ಲಿ ಕೆಲಸ ಸಿಕ್ಕಿದೆಯಂತೆ ಎಂದೆ. ಮುಂದಿನ ಸಲ ಅವನಿಗೆ ಮದುವೆ ಮಾಡಿಸಿದೆ. "ಮದುವೆಗೆ ಮುದುಕನ್ನ ಕರೀಲಿಲ್ವಾ? ಎಂಥಾ ಜನಾನೋ!" ಎಂದು ಅತ್ತೆ ಬೇಸರಪಟ್ಟುಕೊಂಡರು. ಅದರ ಮುಂದಿನ ಸಲ ಕರೆಸಿದೆ, ಮುದುಕನಿಗೆ ಮಂಡಿನೋವೆಂದು ಹೋಗಲಾಗಲಿಲ್ಲ ಎಂದೆ. ಕೋಲಾರದ ಟೀಚರಮ್ಮನಿಗೆ ಅಲ್ಲಿಯ ನೀರು ಒಗ್ಗಲಿಲ್ಲ... ವಾರವಿಡೀ ಕಚೇರಿಯಲ್ಲಿ ಸರ್ಕಾರಿ ಪತ್ರ ಟೈಪು ಮಾಡುತ್ತಾ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಸತ್ತವರ ಯೋಗಕ್ಷೇಮ.

ವರ್ಷ ತಿರುಗುವ ಹೊತ್ತಿಗೆ ಬಂತು ಆ ಭಾನುವಾರ. ನಾನು ಹೇಳುತ್ತಾ ಕೂತಿದ್ದೆ. ಬಾಗಿಲಲ್ಲಿ ದೊಡ್ಡಣ್ಣ ಯಾವಾಗ ಬಂದು ನಿಂತನೋ ಗೊತ್ತಾಗಲಿಲ್ಲ. ಅವನಿಗೂ ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತಿತ್ತು.

"ಏನೋ ಅದು ನೀನು ಹೇಳ್ತಿರೋದು? ವಿಷ ಹಾಕಿ ಸಾಯಿಸಿದ್ರಲ್ಲೋ ಅವನನ್ನ!"

ದೊಡ್ಡಣ್ಣ ಅತ್ತೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತ. ಅವನ ದನಿಯಲ್ಲಿ ನಿಜವಾದ ಕಳವಳವೇ ಇತ್ತು, ಈಗ ಯೋಚಿಸಿದರೆ.

"ಅತ್ತೆ, ಇವನು ನಿಂಗೆ ಒಂದು ವರ್ಷದಿಂದ ಟೋಪಿ ಹಾಕ್ತಿದಾನೆ. ಅದು ಆಸ್ತಿಗೋಸ್ಕರ ಮನೆಯವರೇ ಮನೆಯವರನ್ನ ಕೊಲ್ಲೋ ಸಿನಿಮಾ. ಒಬ್ರೂ ಊರಿಗೆ ಹೋಗಲ್ಲ, ಎಲ್ಲಾರೂ ಸಾಯ್ತಾರೆ. ಸಿನಿಮಾ ವಿಷಯದಲ್ಲೇ ಇಷ್ಟು ಸುಳ್ಳು ಹೇಳೋನು ನಾಳೆ ಯಾವ ಕಾಗದ ತಂದು ನಿನ್ನ ಕೈಲಿ ಹೆಬ್ಬೆಟ್ಟು ಒತ್ತಿಸ್ತಾನೋ. ರೂಮು ಖಾಲಿ ಮಾಡ್ಸು ಇವತ್ತೇ."

ಪರದೆಯ ಮೇಲೆ ಕಪ್ಪು ಬಟ್ಟೆಯವರು ಸಾಲಾಗಿ ನಿಂತಿದ್ದರು. ಅತ್ತೆ ಅವರನ್ನೇ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ನನ್ನ ಟ್ರಂಕಿಗೆ ಬಟ್ಟೆ ತುಂಬತೊಡಗಿದೆ.

"ನಿಂಗೆ ಗೊತ್ತಿಲ್ಲ, ಸುಮ್ನಿರೋ," ಎಂದರು ಅತ್ತೆ ಕೊನೆಗೆ. "ಅವನು ಬಾಂಬೆಗೆ ಹೋದ. ಪೋರ್ಟಲ್ಲಿ ಕೆಲಸ. ಮದುವೆನೂ ಆಯ್ತು. ಕಾಗದ ಬಂದಿದೆ."

"ಅತ್ತೆ..."

"ಬಂದಿದೆ ಅಂದ್ನಲ್ಲ. ಎದ್ದೇಳು, ನಿನ್ನ ತಲೆ ಅಡ್ಡ ಬರ್ತಿದೆ."

ಆ ದಿನ ರೂಮು ಉಳಿಯಿತು. ಮಹಡಿಗೆ ಹೋಗಿ ಕೂತವನಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಅಕ್ಷರ ಬರದ ಮುದುಕಿಯೊಬ್ಬಳು ತನ್ನ ಹಿರಿಯ ಸೋದರಳಿಯನ ನಿಜವನ್ನು ಬಿಟ್ಟು ನನ್ನ ಸುಳ್ಳನ್ನು ನಂಬಿದಳಲ್ಲ! ಮುಂದಿನ ಭಾನುವಾರ ಹೇಳಿಬಿಡಬೇಕು ಎಂದುಕೊಂಡೆ. ಮುಂದಿನ ಭಾನುವಾರ ಹೇಳಲಿಲ್ಲ. ಅದರ ಮುಂದಿನ ಭಾನುವಾರವೂ... ಧೈರ್ಯದ ವಿಷಯದಲ್ಲಿ ನಾನು ಆ ಪಾದ್ರಿಯ ಹಾಗೆ, ಬಾವಿಯ ಕಟ್ಟೆಯ ತನಕ ಹೋಗಿ ನಿಲ್ಲುವವನು.

ಆ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಊಟ ಮಾಡಿ ಮಲಗಿದವರು ಕಾಫಿಯ ಹೊತ್ತಿಗೆ ಏಳಲಿಲ್ಲ. ಲೋಟ ಹಿಡಿದು ಬಂದ ಅತ್ತಿಗೆ ಅದನ್ನು ಕೆಳಗಿಡುವುದನ್ನೂ ಮರೆತು ಅಳುತ್ತಾ ನಿಂತಿದ್ದರು. ಎಲ್ಲರೂ ಕಾದಿದ್ದ ಉಯಿಲನ್ನು ವಕೀಲರು ಓದಿದಾಗ ಅದರಲ್ಲಿ ಇದ್ದದ್ದು ಒಂದೇ ಮಾತು: ಮನೆ ನಾಲ್ವರಿಗೂ ಸಮಪಾಲು. ನಾಲ್ಕನೆಯವನು ನಾನು. ದೊಡ್ಡಣ್ಣ ನನ್ನ ಕಡೆ ನೋಡಿದ. ಸುಳ್ಳು ಹೇಳಿ ಪಾಲು ಹೊಡೆದೆನೆಂದು ನನ್ನ ಮನಸ್ಸೇ ಹೇಳುತ್ತಿದ್ದಾಗ ಅವನು ಹೇಳುವುದೇನು ಉಳಿದಿತ್ತು?

ವಿ.ಸಿ.ಆರ್. ಒಳಗೆ ಕ್ಯಾಸೆಟ್ ಹಾಗೇ ಉಳಿದಿತ್ತು. ತಿಥಿ ಕಳೆದ ಮೇಲೆ ಹಿಂತಿರುಗಿಸಲು ಲೈಬ್ರರಿಗೆ ಹೋದೆ. ಅಂಗಡಿಯವರು ಹಲಸೂರಿನ ತಮಿಳರು. ಅತ್ತೆಯನ್ನು ಪಾಟಿ, ಅಂದರೆ ಅಜ್ಜಿ, ಎನ್ನುತ್ತಿದ್ದರು.

"ಪಾಟಿ ಹೋಗ್ಬಿಟ್ರಂತೆ, ಕೇಳ್ದೆ ಸಾರ್. ಇನ್ನು ನಮ್ ಹತ್ರ ಯಾರು ಸಾರ್ ಅಂಥಾ ಇಂಗ್ಲಿಷ್ ಮಾತಾಡ್ತಾರೆ?"

"ಯಾರು ಮಾತಾಡ್ತಾರೆ?"

"ಪಾಟೀನೇ ಸಾರ್! ಗೊತ್ತಿಲ್ವಾ?" ಅವರು ಕೌಂಟರಿನ ಮೇಲೆ ಬಾಗಿದರು. "ಚಿಕ್ಕ ವಯಸ್ಸಲ್ಲಿ ಕಂಟೋನ್ಮೆಂಟ್ ಬಂಗ್ಲೇಲಿ ಹತ್ತು ವರ್ಷ ಆಯಾ ಕೆಲಸ ಮಾಡಿದ್ರಲ್ಲ. ದೊರೆಸಾನಿ ಮಕ್ಕಳನ್ನ ಬೆಳೆಸಿದ್ದೇ ಇವರಂತೆ. ಮನೇಲಿ ಮಾತ್ರ ಅದನ್ನ ಹೇಳಂಗಿಲ್ಲ, ಮರ್ಯಾದೆ ಪ್ರಶ್ನೆ ಅಂತಿದ್ರು. ಹಳೇ ಬಂಗ್ಲೆ ಇರೋ ಇಂಗ್ಲಿಷ್ ಸಿನಿಮಾ ಯಾವ್ದಾದ್ರೂ ಕೊಡಪ್ಪಾ, ಡಬ್ಬಿ ಮಾತ್ರ ದೇವ್ರದು ಹಾಕು ಅಂತ ಅವರೇ ಕೇಳಿದ್ದು."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ.

"ಮತ್ತೆ ಮತ್ತೆ ಅದನ್ನೇ ಯಾಕೆ ಪಾಟಿ, ಬೇರೆ ಕೊಡ್ತೀನಿ ಅಂದೆ. ಬೇಡ ಅಂದ್ರು. ಅದರಲ್ಲಿ ಎಲ್ಲಾ ಸಾಯ್ತಾರೆ, ನಮ್ ಹುಡುಗ ಒಬ್ರನ್ನೂ ಸಾಯಕ್ಕೆ ಬಿಡಲ್ಲ, ಏನೇನೋ ಒದ್ದಾಡಿ ಊರಿಗ್ ಕಳಿಸ್ತಾನೆ, ಅದನ್ನ ಕೇಳಕ್ಕೆ ತಗೊಂಡ್ ಹೋಗ್ತೀನಿ ಅಂತಿದ್ರು. ಇಲ್ಲಿ ನಿಂತು ನಿಮ್ ಕಥೆ ಹೇಳಿ ನಗೋರು ಸಾರ್, ಕಣ್ಣಲ್ಲಿ ನೀರು ಬರೋ ಹಂಗೆ."

ಕ್ಯಾಸೆಟ್ಟನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಬೇರೆ ಯಾರೂ ಅದನ್ನು ಕೇಳುವವರಿಲ್ಲ ಎಂದು ನನ್ನ ಕೈಗೇ ಇಟ್ಟರು. ಕೆರೆಯ ದಂಡೆಯುದ್ದಕ್ಕೂ ನಡೆದು ಬಂದೆ. ನನಗೆ ನೆನಪಾಗುತ್ತಿದ್ದದ್ದು ಮೊದಲ ಭಾನುವಾರದ ಕಾಫಿ. ಸೀಸೆಯಲ್ಲಿ ಇರುವುದೇನೆಂದು ಅತ್ತೆಗೆ ನನಗಿಂತ ಮೊದಲೇ ಗೊತ್ತಿತ್ತು. ಅದನ್ನು ನೋಡುತ್ತಲೇ ಅತ್ತಿಗೆಯ ಕೈಯಿಂದ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದಿದ್ದರು.

ದೊಡ್ಡಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು, "ಹಂಗಾದ್ರೆ ಹೆಬ್ಬೆಟ್ಟು ಅಂದಿದ್ದು ತಪ್ಪಾಯ್ತು," ಎಂದಷ್ಟೇ ಅಂದ. ಈಗ ಅವನೂ ಇಲ್ಲ. ಆ ಮನೆಯ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡವಿದೆ.

"ಯಾವ ಸಿನಿಮಾರಿ ಸರ?" ಮೇಸ್ತ್ರಿ ಕೇಳಿದರು. ಗದಗಿನ ಕಡೆಯವರು. ಟೇಪಿನ ತುಂಬ ಬಿಳಿ ಬೂಷ್ಟು ಕಟ್ಟಿತ್ತು, ಇನ್ನು ಯಾವ ಯಂತ್ರದಲ್ಲೂ ಓಡುವಂತಿರಲಿಲ್ಲ.

"ಇಂಗ್ಲಿಷ್ ಸಿನಿಮಾ. ಒಬ್ಬ ಮುದುಕ, ಅವನ ನೆಂಟರು."

"ಕಡೀಕ ಏನಾಗ್ತೈತ್ರಿ?"

"ಎಲ್ಲರೂ ಒಂದೊಂದು ಊರಿಗೆ ಹೋಗ್ತಾರೆ."

"ಯಾರೂ ಸಾಯಂಗಿಲ್ಲೇನ್ರಿ?"

"ಇಲ್ಲ."

ಅಷ್ಟೇನಾ ಎಂಬಂತೆ ನೋಡಿ ಅವರು ಗೋಡೆಯ ಕಡೆ ತಿರುಗಿದರು. ಬಾಂಬೆಯವನು, ಕಾಶಿಯ ಪಾದ್ರಿ, ಕೋಲಾರದ ಟೀಚರಮ್ಮ ನನ್ನ ಲೆಕ್ಕದಲ್ಲಿ ಇಂದಿಗೂ ಕ್ಷೇಮ. ಬಾಂಬೆಯವನಿಗೆ ಈಗ ಮೊಮ್ಮಕ್ಕಳು. ಆದರೆ ಅತ್ತೆಯನ್ನು ಯಾವ ಊರಿಗೆ ಕಳಿಸಿದೆನೆಂದು ಹೇಳಿಕೊಳ್ಳಲಿ? ನಲವತ್ತು ವರ್ಷ ಯೋಚಿಸಿದ್ದೇನೆ. ಒಂದು ಊರೂ ಹೊಳೆದಿಲ್ಲ...